ಮುಳುಗಿಸಿದ್ದೂ ಮುಳುಗಿತು

ಕಾರ್ಗಲ್ಲಿಗೆ ಬಂದ ನೆಂಟರು ‘ಹೊಳೆ ಎಲ್ಲಿ?’ ಎಂದು ಕೇಳಿದರೆ ತೋರಿಸುವುದು ಕಷ್ಟ. ಲಿಂಗನಮಕ್ಕಿ ಕಟ್ಟೆಯ ಮೇಲ್ಗಡೆ ಕಣ್ಣು ಹಾಯುವಷ್ಟು ದೂರವೂ ಹಿನ್ನೀರು. ಕೆಳಗಡೆ, ಗೇಟು ತೆಗೆಯದ ದಿನಗಳಲ್ಲಿ, ಬರೀ ಬಂಡೆ. ಹೊಳೆ ಹೊಳೆಯಂತೆ ಹರಿಯುವುದನ್ನು ನೋಡಬೇಕಾದರೆ ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದ ಕಡೆಗೆ ಹೋಗಬೇಕು. ರಾಮ ಬಾಣ ಹೂಡಿ ನೀರು ಚಿಮ್ಮಿಸಿದ ಜಾಗ ಅದು ಎನ್ನುತ್ತಾರೆ. ಶರದಿಂದ ಹುಟ್ಟಿದ್ದಕ್ಕೆ ಶರಾವತಿ.

ಪ್ಯಾರಿಸ್ಸಿನಲ್ಲೂ ಹೀಗೆ ಕಾಣೆಯಾದ ಒಂದು ಚಿಕ್ಕ ಹೊಳೆ ಇದೆ, ಹೆಸರು ಬಿಯೆವ್ರ್. ಗೊಬ್ಲ್ಯಾಂ ಎಂಬಲ್ಲಿ ಬಣ್ಣಗಾರರು, ಚರ್ಮ ಹದ ಮಾಡುವವರು ಶತಮಾನಗಳ ಕಾಲ ಅದರ ದಂಡೆಯಲ್ಲೇ ಬದುಕಿದರು. ಬಳಸಿ ಬಳಸಿ ಹೊಳೆ ನಾತ ಹೊಡೆಯತೊಡಗಿದಾಗ ನಗರ ಅದನ್ನು ಹಂತಹಂತವಾಗಿ ಮುಚ್ಚಿತು. 1912ರ ಹೊತ್ತಿಗೆ ಪ್ಯಾರಿಸ್ಸಿನೊಳಗಿನ ಬಿಯೆವ್ರ್ ಪೂರ್ತಿ ನೆಲದಡಿಗೆ ಸೇರಿತ್ತು. ಅವರು ಹೊಳೆಯನ್ನು ಕಲ್ಲಿನಿಂದ ಮುಚ್ಚಿದರು. ನಾವು ನಮ್ಮ ಹೊಳೆಯನ್ನು ಅದರದ್ದೇ ನೀರಿನಿಂದ ಮುಚ್ಚಿದೆವು. ಈಗ ಪ್ಯಾರಿಸ್ಸಿನ ಹೊರವಲಯದಲ್ಲಿ ಕೆಲವು ಕಡೆ ಆ ಮುಚ್ಚಳ ತೆಗೆದು ಹೊಳೆಗೆ ಮತ್ತೆ ಬಿಸಿಲು ತೋರಿಸುತ್ತಿದ್ದಾರೆ.

ನಮ್ಮಲ್ಲಿ ಮುಚ್ಚಳ ತೆಗೆಯುವುದು ಬೇಸಿಗೆ. ಮಳೆ ಕೈಕೊಟ್ಟ ವರ್ಷ, ಏಪ್ರಿಲ್ ದಾಟುತ್ತಿದ್ದಂತೆ ಹಿನ್ನೀರು ಇಳಿಯುತ್ತದೆ. ಆಗ ಮೇಲೇಳುವುದು ಮಡೆನೂರು ಡ್ಯಾಂ. ಕಾಗದಪತ್ರಗಳಲ್ಲಿ ಅದರ ಹೆಸರು ಹಿರೇಭಾಸ್ಕರ. ಜೋಗದ ವಿದ್ಯುದಾಗಾರಕ್ಕೆ ವರ್ಷವಿಡೀ ನೀರು ಒದಗಿಸಲೆಂದು ಮೈಸೂರು ಸಂಸ್ಥಾನ ಕಟ್ಟಿಸಿದ್ದು. 1948ರ ಹೊತ್ತಿಗೆ ಕೆಲಸಕ್ಕೆ ಬಂತು. ಹೆಚ್ಚಾದ ನೀರು ತಾನಾಗಿ ಹೊರಹೋಗಲಿ ಎಂದು ಸೈಫನ್ನುಗಳನ್ನು ಇಟ್ಟಿದ್ದರು. ಆ ಕಟ್ಟೆ ತುಂಬಿದಾಗಲೂ ಗದ್ದೆ, ಮನೆ, ತೋಟ ಮುಳುಗಿದವು. 1964ರಲ್ಲಿ ಲಿಂಗನಮಕ್ಕಿ ಬಂತು, 1819 ಅಡಿಯವರೆಗೆ ನೀರು ನಿಲ್ಲಿಸುವ ಕಟ್ಟೆ. ಈ ಸಲ ಮುಳುಗಿದ ಊರುಗಳ ಜೊತೆ ಮಡೆನೂರಿನ ಕಟ್ಟೆಯೂ ಮುಳುಗಿತು. ಅದರ ಆಯಸ್ಸು 16 ವರ್ಷ.

ಅದನ್ನು ಕಟ್ಟಿದವರೇನೂ ದಡ್ಡರಲ್ಲ. ಇಷ್ಟು ನೀರು ಸಾಕು ಎಂದೇ ಲೆಕ್ಕ ಹಾಕಿದ್ದರು. ಆದರೆ ‘ಸಾಕು’ ಎನ್ನುವುದನ್ನು ಕಲಿಯುವುದು ಊಟದ ಪಂಕ್ತಿಯಲ್ಲಿ. ನಮ್ಮ ಕಡೆ ಬಡಿಸುವವರು ಬಿಡುವವರಲ್ಲ. ಉಣ್ಣುವವನೇ ಬಾಳೆಲೆಯ ಮೇಲೆ ಕೈ ಅಡ್ಡ ಹಿಡಿಯಬೇಕು. ಕೈ ಅಡ್ಡ ಹಿಡಿಯದೆ ಎಲೆಯಲ್ಲಿ ಬಿಟ್ಟೆದ್ದರೆ ಹಿರಿಯರು ಬೈಯುತ್ತಿದ್ದರು. ಶರಾವತಿಯ ಪಂಕ್ತಿಯಲ್ಲಿ ಕುಳಿತ ನಾಡು ಒಮ್ಮೆಯೂ ಕೈ ಅಡ್ಡ ಹಿಡಿದದ್ದಿಲ್ಲ. ಶರಾವತಿ ವಿದ್ಯುದಾಗಾರ 1035 ಮೆಗಾವಾಟಿನವರೆಗೆ ಬೆಳೆಯಿತು. ಆಮೇಲೆ ಗೇರುಸೊಪ್ಪದಲ್ಲಿ ಇನ್ನೊಂದು ಕಟ್ಟೆ. 2019ರಲ್ಲಿ ಈ ನೀರನ್ನು ಬೆಂಗಳೂರಿಗೆ ಒಯ್ಯುವ ಮಾತೆದ್ದಾಗ ಶಿವಮೊಗ್ಗ ಜಿಲ್ಲೆ ಬಂದ್ ಆಚರಿಸಿತು. ಈಗ ತಳಕಳಲೆಗೂ ಗೇರುಸೊಪ್ಪಕ್ಕೂ ನಡುವೆ ನೀರನ್ನು ಮೇಲೆತ್ತಿ ಕೆಳಗಿಳಿಸುವ 2000 ಮೆಗಾವಾಟಿನ ಯೋಜನೆ. ಅದರ ಹಾದಿಯಲ್ಲಿರುವುದು ಸಿಂಗಳೀಕಗಳ ಕಾಡು.

ಕರೆಂಟು ಬೇಡವೆ ಎಂದು ಕೇಳುವವರಿದ್ದಾರೆ. ಬೇಕು. ನಾನೇನು ಚಿಮಣಿ ಬುಡ್ಡಿಯ ಬೆಳಕಲ್ಲಿ ಇದನ್ನು ಬರೆಯುತ್ತಿಲ್ಲ. ಕಾರ್ಗಲ್ ಪೇಟೆ ಬೆಳೆದದ್ದೂ ಯೋಜನೆಯ ನೆರಳಿನಲ್ಲೇ. ಆದರೆ ಎಲೆ ಹಾಕಿದವರಾರು, ಎದ್ದು ಹೋದವರಾರು ಎಂಬುದಾದರೂ ನೆನಪಿರಬೇಕು. ಸಾಗರ, ಹೊಸನಗರದ ಕಡೆ ಒಂದು ಮಾತಿದೆ: ‘ಅವರು ಮುಳುಗಡೆಯವರು.’ ಜಾತಿಯೂ ಅಲ್ಲ, ಊರೂ ಅಲ್ಲ, ಆದರೂ ಅದೇ ಗುರುತು. ಅರವತ್ತು ವರ್ಷ ಕಳೆದರೂ ನೆಲದ ಹಕ್ಕುಪತ್ರ ಕೈಗೆ ಸಿಗದ ಮುಳುಗಡೆ ಕುಟುಂಬಗಳಿವೆ. ಲೋಕೋಪಯೋಗಿ ಇಲಾಖೆಯಲ್ಲಿ ನೌಕರಿ ಮಾಡುತ್ತಲೇ ಇದನ್ನೆಲ್ಲ ಕಂಡ ನಾ. ಡಿಸೋಜ ‘ಮುಳುಗಡೆ’, ‘ದ್ವೀಪ’ ಬರೆದರು. ಸರ್ಕಾರಿ ಕಡತಕ್ಕಿಂತ ಆ ಕಾದಂಬರಿಗಳೇ ಇವರ ಲೆಕ್ಕವನ್ನು ಸರಿಯಾಗಿ ಇಟ್ಟಿವೆ.

ನೀರಿಳಿದ ಮಡೆನೂರಿನಲ್ಲಿ ಈಗ ಫೋಟೋ ತೆಗೆಯುವವರ ಗದ್ದಲ. ಅಷ್ಟು ಕಾಲ ನೀರಡಿ ಇದ್ದರೂ ಕಲ್ಲು ಅಲುಗಿಲ್ಲ ಎಂದು ಮೆಚ್ಚುತ್ತಾರೆ, ಮೆಚ್ಚಬೇಕಾದ್ದೇ. ಮುಂದಿನ ಕಟ್ಟೆಯ ನಕ್ಷೆಗೆ ಸಹಿ ಹಾಕುವವರೂ ಮೇ ತಿಂಗಳಲ್ಲಿ ಒಮ್ಮೆ ಇಲ್ಲಿಗೆ ಬಂದು ನಿಲ್ಲಲಿ. ಜೂನಿನಲ್ಲಿ ಮಳೆ ಹಿಡಿದರೆ ಕಟ್ಟೆ ಮತ್ತೆ ನೀರಡಿಗೆ ಹೋಗುತ್ತದೆ.