ಹೊಳಪಿನ ವಿಚಾರ

ವಸ್ತುಗಳನ್ನು ತಿಕ್ಕಿ ತೀಡಿ ಹೊಳೆಯಿಸುವುದು ಸದ್ಗುಣವೋ, ಬರಿಯ ಡಂಭವೋ? ಪ್ರಶ್ನೆಯು ಮೇಲುನೋಟಕ್ಕೆ ಅಲ್ಪವೆಂದು ತೋರಬಹುದು. ಹಿತ್ತಾಳೆಯ ಕೊಡವನ್ನು ಹುಣಿಸೆಹಣ್ಣು ಹಚ್ಚಿ ಬೆಳಗುವ ಗೃಹಿಣಿಯನ್ನು ಯಾರೂ ಡಾಂಭಿಕಳೆನ್ನುವುದಿಲ್ಲ. ಆದರೆ ತನ್ನ ಮೋಟಾರು ಗಾಡಿಯನ್ನು ದಿನವಿಡೀ ತಿಕ್ಕಿಸಿ, ಅದಕ್ಕಾಗಿ ಸಾವಿರಾರು ರೂಪಾಯಿ ತೆರುವ ತರುಣನನ್ನು ಕಂಡರೆ ನಮ್ಮಂತಹ ಹಿರಿಯರು ಮುಖ ಸಿಂಡರಿಸುತ್ತೇವೆ. ಎರಡು ಕಡೆಯಲ್ಲಿಯೂ ಕ್ರಿಯೆಯು ಒಂದೇ ಆಗಿರುವಾಗ ನಮ್ಮ ತೀರ್ಪು ಎರಡಾಗುವುದೇಕೆ? ಇದನ್ನು ವಿಚಾರಿಸುವ ಪ್ರಸಂಗವೊಂದು ನನಗೆ ಒದಗಿತು. ವಿಚಾರವು ಮೋಟಾರಿನಿಂದ ಆರಂಭವಾಗಿ ನನ್ನ ಮೇಲೆಯೇ ತಿರುಗಿದ ಬಗೆಯನ್ನು ವಾಚಕರ ಮುಂದೆ ಅರಿಕೆಮಾಡಿಕೊಳ್ಳುತ್ತೇನೆ.

ಕಳೆದ ಆಯುಧಪೂಜೆಗೆ ನಾಲ್ಕು ದಿನ ಮೊದಲು, ಸಿರುಗುಪ್ಪದಲ್ಲಿರುವ ನನ್ನ ತಮ್ಮನ ಮಗನು ಕುರುಗೋಡಿನ ನಮ್ಮ ಮನೆಗೆ ಬಂದು, “ದೊಡ್ಡಪ್ಪಾ, ಕಾರನ್ನು ಪಾಲಿಶಿಗೆ ಬಿಡುವುದಿದೆ, ಬಳ್ಳಾರಿಗೆ ಹೋಗಿಬರೋಣ ಬನ್ನಿರಿ” ಎಂದು ಕರೆದನು. ಗಾಡಿಯ ಬಣ್ಣವು ಕಪ್ಪು. ಆದರೆ ನಮ್ಮ ಸೀಮೆಯ ಕೆಂಧೂಳಿನಿಂದ ಅದು ಕಾವಿಯುಟ್ಟ ಸನ್ಯಾಸಿಯಂತೆ ಕಾಣುತ್ತಿತ್ತು. “ಒಂದು ಬಟ್ಟೆಯಿಂದ ಒರೆಸಿದರಾಯಿತಲ್ಲ, ಇದಕ್ಕೆ ಬಳ್ಳಾರಿಯೇಕೆ?” ಎಂದೆನು. “ಹಾಗೆ ಒರೆಸಿಯೇ ಹೀಗಾಗಿದೆ” ಎಂದು ಅವನು ನಕ್ಕು, ಬಿಸಿಲಿಗೆ ಓರೆಯಾಗಿ ನಿಲ್ಲಿಸಿ ತೋರಿಸಿದನು. ಬಣ್ಣದ ಮೇಲೆಲ್ಲ ಜೇಡನ ಬಲೆಯಂತೆ ಸೂಕ್ಷ್ಮವಾದ ಗೀರುಗಳಿದ್ದವು. ಧೂಳಿನ ಕಣವು ಬಣ್ಣಕ್ಕಿಂತ ಗಟ್ಟಿಯಾದುದು. ಒಣಬಟ್ಟೆಯಿಂದ ಒರೆಸುವವನು ಧೂಳನ್ನು ತೆಗೆಯುತ್ತಿರುವೆನೆಂದು ಭಾವಿಸಿ ಆ ಧೂಳಿನಿಂದಲೇ ಬಣ್ಣವನ್ನು ಕೆರೆಯುತ್ತಿರುತ್ತಾನೆ. ಆತುರದ ಶುದ್ಧಿಯೇ ಮಾಲಿನ್ಯಕ್ಕಿಂತ ಹೆಚ್ಚಿನ ಕೇಡನ್ನು ಮಾಡಬಲ್ಲುದೆಂಬುದು ಆ ದಿನದ ಮೊದಲನೆಯ ಪಾಠವಾಯಿತು.

ಅಂಗಡಿಯಲ್ಲಿ ಸಂಜೆಯವರೆಗೆ ಕುಳಿತು ನೋಡಿದೆನು. ಗಾಡಿಯನ್ನು ನೆರಳಿಗೆ ತಂದು, ಲೋಹವು ತಣ್ಣಗಾಗುವವರೆಗೆ ಕೈಯಿಡಲಿಲ್ಲ. ಕಾದ ಮೈಮೇಲೆ ಸಾಬೂನು ಒಣಗಿ ಕಲೆಗಟ್ಟುವುದಂತೆ. ಮೊದಲು ಬರಿಯ ನೀರನ್ನು ಚಿಮ್ಮಿಸಿ ಸಡಿಲವಾದ ಧೂಳನ್ನು ಮುಟ್ಟದೆಯೇ ಇಳಿಸಿದರು. ಬಳಿಕ ನೊರೆ ಹೊದಿಸಿ ನೆನೆಯಬಿಟ್ಟರು. ತೊಳೆಯುವಾಗ ಬಕೀಟುಗಳು ಎರಡು: ಒಂದರಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಕೈಗವಸನ್ನು ಅಲುಬಲು ಶುದ್ಧ ನೀರು. ಗಾಡಿಯಿಂದ ತೆಗೆದ ಕೊಳೆಯು ಮತ್ತೆ ಗಾಡಿಗೆ ಹೋಗಬಾರದೆಂಬುದು ಇದರ ತಾತ್ಪರ್ಯ. ತೊಳೆದದ್ದು ಚಾವಣಿಯಿಂದ ಕೆಳಕ್ಕೆ. ಚಕ್ರಗಳಿಗೆ ಬಟ್ಟೆಯೇ ಬೇರೆ. ಆಮೇಲೆ ಒಂದು ದ್ರಾವಣವನ್ನು ಸಿಂಪಡಿಸಿದರು. ಬ್ರೇಕಿನಿಂದ ಉದುರಿ ಬಣ್ಣದಲ್ಲಿ ನೆಟ್ಟುಕೊಂಡ ಕಬ್ಬಿಣದ ಕಣಗಳಿದ್ದಲ್ಲೆಲ್ಲ ಅದು ನೇರಳೆಯಾಗಿ ಹರಿಯಿತು. ಗಂಧಕದಂತಹ ದುರ್ಗಂಧವು ಅಂಗಡಿಯನ್ನೆಲ್ಲ ತುಂಬಿತು. ಅದಕ್ಕೂ ಜಗ್ಗದ ಕಣಗಳನ್ನು ಹಿಟ್ಟಿನಂತೆ ನಾದಿದ ಜಿಗುಟು ಮಣ್ಣನ್ನು ಆಡಿಸಿ ಎತ್ತಿದರು. ಇಷ್ಟಾದ ಮೇಲೆಯೇ ಯಂತ್ರದಿಂದ ಉಜ್ಜುವ ಕೆಲಸ: ಮೊದಲು ತುಸು ಒರಟಾದ ಲೇಹ್ಯ, ಅನಂತರ ನಯವಾದದ್ದು. ಕಡೆಗೆ ಬ್ರೆಜಿಲ್ ದೇಶದ ಕಾರ್ನೌಬಾ ಎಂಬ ತಾಳೆಯ ಜಾತಿಯ ಮರದ ಎಲೆಯಿಂದ ಬರುವ ಮೇಣವನ್ನು ತೆಳುವಾಗಿ ಬಳಿದು, ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿದರು.

ನೋಡುತ್ತ ಕುಳಿತ ನನಗೆ ಪಾಠಶಾಲೆಯ ದಿನಗಳು ನೆನಪಾದವು. ಬ್ರಹ್ಮಸೂತ್ರದ ಸಮನ್ವಯಾಧಿಕರಣದ ಭಾಷ್ಯದಲ್ಲಿ ಶಂಕರಾಚಾರ್ಯರು ಸಂಸ್ಕಾರವು ಎರಡು ವಿಧವೆನ್ನುತ್ತಾರೆ: ಇಲ್ಲದ ಗುಣವನ್ನು ಸೇರಿಸುವುದೊಂದು, ಇರುವ ದೋಷವನ್ನು ಕಳೆಯುವುದೊಂದು. ಅಲ್ಲಿಯೇ ಪೂರ್ವಪಕ್ಷದಲ್ಲಿ ತಿಕ್ಕಿದ ಕನ್ನಡಿಯ ದೃಷ್ಟಾಂತವು ಬರುತ್ತದೆ. ಅಂದಿನ ಕನ್ನಡಿಯು ಲೋಹದ್ದು. ಉಜ್ಜಿದಾಗ ಅದರ ಹೊಳಪು ಹೊರಗಿನಿಂದ ಬರುವುದಿಲ್ಲ, ಮರೆಯಾದದ್ದು ಪ್ರಕಟವಾಗುತ್ತದೆ. ಆತ್ಮವು ಹಾಗೆ ಕ್ರಿಯೆಗೆ ವಿಷಯವಲ್ಲವೆಂಬ ಆಚಾರ್ಯರ ಸಿದ್ಧಾಂತವು ಬೇರೆ ಮಾತು. ನಾನಿಲ್ಲಿ ಎರವು ಪಡೆಯುವುದು ಕನ್ನಡಿಯನ್ನು ಮಾತ್ರ. ಆ ದಿನ ನಡೆದ ಕೆಲಸದಲ್ಲಿ ಮೇಣ ಬಳಿದ ಕಡೆಯ ಹೆಜ್ಜೆಯೊಂದನ್ನು ಬಿಟ್ಟರೆ ಉಳಿದುದೆಲ್ಲವೂ ದೋಷವನ್ನು ಕಳೆಯುವುದೇ ಆಗಿತ್ತು. ಗೀರಿದ ಮೈಯು ಬೆಳಕನ್ನು ಚದರಿಸುತ್ತದೆ, ಸಮನಾದ ಮೈಯು ಬಂದ ಬೆಳಕನ್ನು ಹಾಗೆಯೇ ಹಿಂದಿರುಗಿಸುತ್ತದೆ. ಆದುದರಿಂದ ಹೊಳಪೆಲ್ಲವೂ ಮಿಥ್ಯಾಡಂಬರವೆಂಬ ನನ್ನ ಹಳೆಯ ಮತವು ನಿಲ್ಲಲಿಲ್ಲ.

ಇದು ಹೊಸಗಾಲದ ಚಾಪಲ್ಯವೆನ್ನುವಂತೆಯೂ ಇಲ್ಲ. ಬಳ್ಳಾರಿಗೆ ಕೆಲವೇ ಮೈಲಿ ದೂರದ ಸಂಗನಕಲ್ಲಿನ ಗುಡ್ಡಗಳಲ್ಲಿ ನಾಲ್ಕು ಸಾವಿರ ವರ್ಷಗಳಿಗೂ ಹಿಂದೆ ನವಶಿಲಾಯುಗದ ಜನರು ಡಾಲರೈಟ್ ಎಂಬ ಕರಿಗಲ್ಲಿನಿಂದ ಕೊಡಲಿಗಳನ್ನು ಮಾಡುತ್ತಿದ್ದರು. ಕೆತ್ತಿದ ಕಲ್ಲನ್ನು ಬಂಡೆಯ ಮೇಲೆ ನೀರು ಹಾಕಿ ತೇಯ್ದು ತೇಯ್ದು ನಯಮಾಡುತ್ತಿದ್ದರು. ತೇಯ್ದ ಗುಳಿಗಳು ಇಂದಿಗೂ ಬಂಡೆಯಲ್ಲಿವೆ. ಅವರಿಗೆ ಹೊಳಪು ಅಲಂಕಾರಕ್ಕಾಗಿಯೇ ಬೇಕಾಗಿರಲಿಲ್ಲ. ನಯವಾದ ಅಂಚು ಬೇಗನೆ ಮುಕ್ಕಾಗುವುದಿಲ್ಲ, ಮರದೊಳಗೆ ಸುಲಭವಾಗಿ ಇಳಿಯುತ್ತದೆ. ಉಪಯೋಗವನ್ನು ಅರಸುತ್ತ ಹೋದವರಿಗೆ ಸೌಂದರ್ಯವು ದಾರಿಯಲ್ಲಿ ದೊರೆಯಿತು.

ಹಾಗಾದರೆ ಹೊಳಪಿನಲ್ಲಿ ದೋಷವೇ ಇಲ್ಲವೇ? ಇದೆ, ಒಂದಲ್ಲ, ಮೂರು.

ಮೊದಲನೆಯದು ಮಿತಿಯನ್ನು ಮರೆಯುವುದು. ಗಾಡಿಯ ಬಣ್ಣದ ಮೇಲಿರುವ ಪಾರದರ್ಶಕವಾದ ಪದರವು ಸಾಮಾನ್ಯವಾಗಿ ನಾಲ್ವತ್ತೈವತ್ತು ಮೈಕ್ರಾನಿನಷ್ಟು, ಎಂದರೆ ತಲೆಗೂದಲಿಗಿಂತಲೂ ತೆಳು. ಯಂತ್ರದಿಂದ ಉಜ್ಜುವ ಪ್ರತಿಯೊಂದು ಸಾರಿಯೂ ಅದರಲ್ಲಿ ಕೊಂಚ ಸವೆಯುತ್ತದೆ. ಹೊಳಪನ್ನು ಬಂಡವಾಳದಿಂದಲೇ ತೆಗೆದು ವೆಚ್ಚಮಾಡುತ್ತಿರುವೆವೆಂಬುದನ್ನು ಮರೆತು ಹಬ್ಬಹಬ್ಬಕ್ಕೂ ಉಜ್ಜಿಸಿದರೆ ಕಡೆಗೆ ಹೊಳೆಯಲು ಪದರವೇ ಉಳಿಯಲಾರದು. ಎಚ್ಚರಿಕೆಯಿಂದ ತೊಳೆಯುವವನಿಗೆ ಉಜ್ಜುವ ಅಗತ್ಯವೇ ಅಪರೂಪ. ನೀರಿಗಾಗಿ ಕಾಯುವ ಓಣಿಗಳಿರುವ ನಮ್ಮ ಊರುಗಳಲ್ಲಿ ಎರಡು ಬಕೀಟಿನಲ್ಲಿ ಮುಗಿಯುವ ಕೆಲಸಕ್ಕೆ ಕೊಳವೆಯನ್ನು ಹರಿಯಬಿಡುವುದೂ ಇದೇ ದೋಷಕ್ಕೆ ಸೇರಿದ್ದು.

ಎರಡನೆಯದು ಮುಚ್ಚುವ ಹೊಳಪು. ಗೀರನ್ನು ಕಳೆಯದೆ, ಎಣ್ಣೆಯಂತಹ ಲೇಪವನ್ನು ಗೀರಿನೊಳಗೆ ತುಂಬಿ ಮರೆಮಾಡುವ ಕ್ರಮವೂ ಉಂಟು. ಗಾಡಿಯನ್ನು ಮಾರುವವರಿಗೆ ಅದು ಪ್ರಿಯ. ನಾಲ್ಕಾರು ಸಲ ತೊಳೆದರೆ ಗೀರುಗಳು ಮತ್ತೆ ಕಾಣುತ್ತವೆ, ಅಷ್ಟರಲ್ಲಿ ಗಾಡಿಯು ಕೈಬದಲಾಗಿರುತ್ತದೆ. ಇನ್ನು ಕೆಲವರು ಮುಚ್ಚುವ ಉದ್ದೇಶವಿಲ್ಲದೆಯೂ ಮೋಸಹೋಗುತ್ತಾರೆ: ಕಣ್ಣಿಗೆ ಕಾಣುವುದನ್ನು ಬೆಳಗಿ, ಕಾಣದ್ದನ್ನು ಮರೆಯುತ್ತಾರೆ. 2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ಬಳಿಯ ತುಂಗಭದ್ರಾ ಅಣೆಕಟ್ಟೆಯ 33 ತೂಬುಬಾಗಿಲುಗಳಲ್ಲಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋದುದನ್ನು ನಮ್ಮ ಸೀಮೆಯವರು ಮರೆಯಲಾರರು. ಭತ್ತದ ಗದ್ದೆಗಳನ್ನು ನಂಬಿದ ಸಿರುಗುಪ್ಪದ ಮನೆಗಳಲ್ಲಿ ಅಂದು ಎಂತಹ ಆತಂಕವಿತ್ತೆಂಬುದನ್ನು ನಾನು ತಮ್ಮನ ಮನೆಯಲ್ಲಿಯೇ ಕಂಡಿದ್ದೇನೆ. ಪ್ರವಾಸಿಗರು ಅಣೆಕಟ್ಟೆಯನ್ನು ನೋಡುತ್ತಾರೆ, ಸರಪಳಿಯ ಕೊಂಡಿಯನ್ನು ಯಾರು ನೋಡುತ್ತಾರೆ? ತಮ್ಮನ ಮಗನಿಗೆ, “ಬ್ರೇಕಿನ ಎಣ್ಣೆ ನೋಡಿಸಿದೆಯಾ?” ಎಂದು ಕೇಳಿದೆನು. ಅವನು ಉತ್ತರ ಕೊಡದೆ ತಲೆ ಕೆರೆದುಕೊಂಡನು.

ಮೂರನೆಯದನ್ನು ಹೇಳಲು ನನಗೆ ಸಂಕೋಚವಾಗುತ್ತದೆ. ಆದರೆ ಹೇಳದಿದ್ದರೆ ಈ ಲೇಖನವೂ ಗೀರು ಮುಚ್ಚಿದ ಲೇಪವಾದೀತು.

ಯಂತ್ರವನ್ನು ಹಿಡಿದ ತರುಣನು ಮಧ್ಯಾಹ್ನದ ವಿರಾಮದಲ್ಲಿ ನನ್ನ ಬಳಿಗೆ ಬಂದು, “ಗುರುಗಳೇ, ಗುರುತು ಸಿಕ್ಕಿತೇ?” ಎಂದನು. ಸಿಕ್ಕಲಿಲ್ಲ. ಹೆಸರು ಹೇಳಿದ ಮೇಲೆ ನೆನಪಾಯಿತು. ನನ್ನ ಕೈಯಲ್ಲಿ ಎರಡು ವರ್ಷ ಓದಿ, ವಿಭಕ್ತಿ ಪ್ರತ್ಯಯಗಳಲ್ಲಿ ಎಡವುತ್ತ, ಮಧ್ಯದಲ್ಲಿಯೇ ಶಾಲೆಯನ್ನು ಬಿಟ್ಟ ಹುಡುಗ. ಒಂದು ದಿನ ಇಡಿಯ ತರಗತಿಯ ಮುಂದೆ ಅವನನ್ನು ನಿಲ್ಲಿಸಿ, “ಈ ಕಲ್ಲನ್ನು ಎಷ್ಟು ಉಜ್ಜಿದರೂ ಹೊಳಪು ಬಾರದು” ಎಂದಿದ್ದೆನು. ಹುಡುಗರು ನಕ್ಕಿದ್ದರು. ಆ ಮಾತು ಅವನಿಗೆ ನೆನಪಿತ್ತೋ ಇಲ್ಲವೋ ನಾನರಿಯೆ. ಅವನ ಕೈಗಳನ್ನು ನೋಡಿದೆನು. ದ್ರಾವಣಗಳಿಂದ ಚರ್ಮವು ಬಿರುಕುಬಿಟ್ಟಿತ್ತು, ಉಗುರುಗಳ ಬುಡವು ಬೆಳ್ಳಗಾಗಿತ್ತು. ಏನಾದರೂ ಕೇಳಬೇಕೆಂದು, “ಎಷ್ಟು ಉಜ್ಜಿದರೂ ಹೊಳಪು ಬಾರದಿದ್ದರೆ ಏನು ಮಾಡುತ್ತೀಯಪ್ಪಾ?” ಎಂದೆನು. ಅವನು ಯಾವ ಕೊಂಕೂ ಇಲ್ಲದೆ ಹೇಳಿದನು: “ಒಂದೊಂದು ಗಾಡಿಯ ಬಣ್ಣ ಒಂದೊಂದು ಥರ, ಗುರುಗಳೇ. ಕೆಲವು ಮೆತ್ತಗೆ, ಕೆಲವು ಗಟ್ಟಿ. ಮೊದಲು ಮೀಟರು ಇಟ್ಟು ದಪ್ಪ ನೋಡಬೇಕು. ಒಂದು ಮೂಲೆಯಲ್ಲಿ ಸ್ವಲ್ಪ ಉಜ್ಜಿ ಪರೀಕ್ಷೆ ಮಾಡಬೇಕು. ಹೊಳಪು ಬರಲಿಲ್ಲವೆಂದು ಒತ್ತಿ ಉಜ್ಜಿದರೆ ಬಣ್ಣ ಸುಟ್ಟುಹೋಗುತ್ತದೆ. ಪ್ಯಾಡು ಬದಲಾಯಿಸಬೇಕು, ಪಾಲಿಶು ಬದಲಾಯಿಸಬೇಕು. ತಪ್ಪು ಹೆಚ್ಚಾಗಿ ನಮ್ಮ ಕೈಯದೇ ಇರುತ್ತದೆ.”

ಮೂವತ್ತಕ್ಕೂ ಹೆಚ್ಚು ವರ್ಷ ಪಾಠ ಹೇಳಿದವನು ನಾನು. ಹೊಳೆಯುವ ಹುಡುಗರನ್ನು ಮತ್ತಷ್ಟು ಹೊಳೆಯಿಸಿ ಅದನ್ನು ನನ್ನ ಕೀರ್ತಿಯೆಂದು ತಿಳಿದೆನು. ಉಳಿದವರನ್ನು ಒಣಬಟ್ಟೆಯಿಂದ ಒತ್ತಿ ಒರೆಸಿದೆನು. ಅವರ ಮೇಲೆ ಉಳಿದ ಗೀರುಗಳು ನನ್ನವು. ಹೊಳಪಿನ ಮೂರನೆಯ ದೋಷವೆಂದರೆ ಇದೇ: ಬೆಳಗುವ ಕೈಯನ್ನು ಮರೆತು, ಬೆಳಗಿದ ವಸ್ತುವನ್ನು ಮಾತ್ರ ಕಾಣುವುದು. ಬೆಳಗಿದವನ ಕೈ ಬಿರಿದಿದ್ದರೆ ಒಡೆಯನ ಗಾಡಿಯ ಹೊಳಪಿನಲ್ಲಿ ಅದರ ಋಣವು ಉಳಿದೇ ಇರುತ್ತದೆ.

ಅದ್ಭುತವಾದ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕು. ನಮ್ಮ ಗಾಡಿಗಳನ್ನು ಕೆಂಪಾಗಿಸುವ ಸಂಡೂರಿನ ಬೆಟ್ಟಗಳ ಅದಿರು ಕಬ್ಬಿಣದ ಆಕ್ಸೈಡು. ಚಿನ್ನದ ಒಡವೆಗೂ ಗಾಜಿನ ಮಸೂರಕ್ಕೂ ಕಡೆಯ ಹೊಳಪು ಕೊಡಲು ಬಳಸುತ್ತ ಬಂದ ‘ರೂಜ್’ ಎಂಬ ಕೆಂಪು ಪುಡಿಯೂ ಕಬ್ಬಿಣದ ಆಕ್ಸೈಡೇ. ಒರಟಾಗಿ, ಅಜಾಗರೂಕವಾದ ಕೈಗೆ ಸಿಕ್ಕರೆ ಅದು ಗೀರುತ್ತದೆ; ನಯವಾಗಿ, ಬಲ್ಲವನ ಕೈಗೆ ಬಂದರೆ ಬೆಳಗುತ್ತದೆ. ಗುರುವಿನ ಕಠಿಣವಾಕ್ಯವೂ ಹೀಗೆಯೇ ಎಂದು ಈಗ ತಿಳಿಯುತ್ತದೆ. ದ್ರವ್ಯಕ್ಕೆ ತಕ್ಕಂತೆ ಶುದ್ಧಿಯೂ ಬೇರೆಬೇರೆ, ತಾಮ್ರಕ್ಕೆ ಹುಳಿ, ಕಂಚಿಗೆ ಬೂದಿ ಎಂದು ಸ್ಮೃತಿಕಾರರು ವಿಧಿಸಿದ್ದನ್ನು ನಾನು ಕಂಠಪಾಠಮಾಡಿದ್ದೆನು. ಹುಡುಗರ ವಿಷಯದಲ್ಲಿ ಮಾತ್ರ ಅದು ನೆನಪಿಗೆ ಬರಲಿಲ್ಲ.

ಆದುದರಿಂದ ಮೊದಲಿನ ಪ್ರಶ್ನೆಗೆ ನನ್ನ ಉತ್ತರವಿಷ್ಟು. ದೋಷವನ್ನು ಕಳೆದು ಬರುವ ಹೊಳಪು ಸದ್ಗುಣ. ದೋಷವನ್ನು ಮುಚ್ಚಿ ಬರುವುದು ಡಂಭ. ಕಾಣದ ಅಂಗವನ್ನು ಮರೆಯಿಸುವುದು ಪ್ರಮಾದ. ಬೆಳಗಿದ ಕೈಯನ್ನು ಮರೆಯಿಸುವುದು ಕೃತಘ್ನತೆ. ಆಯುಧಪೂಜೆಯಂದು ಗಾಡಿಗೆ ಮಾಲೆ ಹಾಕುವ ಮನೆಗಳವರು ಅದನ್ನು ತೊಳೆದವರಿಗೆ ರಬ್ಬರಿನ ಕೈಗವಸು ಒಂದು ಜೊತೆಯನ್ನೂ ಚೌಕಾಸಿಯಿಲ್ಲದ ಕೂಲಿಯನ್ನೂ ಕೊಟ್ಟರೆ ಆ ಪೂಜೆಯು ಹೆಚ್ಚು ಪೂರ್ಣವಾದೀತು.

ಸಂಜೆ ಕುರುಗೋಡಿಗೆ ಮರಳಿದೆವು. ದೊಡ್ಡ ಬಸವೇಶ್ವರನ ಗುಡಿಯ ಬಳಿ ಗಾಡಿಯನ್ನು ನಿಲ್ಲಿಸಿದಾಗ ಅದರ ಮೈಮೇಲೆ ಆಗಲೇ ತೆಳುವಾಗಿ ಕೆಂಧೂಳು ಕುಳಿತಿತ್ತು. ತಮ್ಮನ ಮಗನು ಅಭ್ಯಾಸಬಲದಿಂದ ಒಣಬಟ್ಟೆಗೆ ಕೈಹಾಕಿದನು. “ಬೇಡಪ್ಪಾ, ಮೊದಲು ನೀರು” ಎಂದೆನು. ಒಳಗೆ ಏಕಶಿಲೆಯ ಮಹಾನಂದಿಯ ಮುಂದೆ ನಿಂತಾಗ ನನ್ನ ಮನಸ್ಸು ಬಳ್ಳಾರಿಯ ಅಂಗಡಿಯಲ್ಲಿಯೇ ಇತ್ತು.

ಹತ್ತು ಜನರ ಮುಂದೆ ಆಡಿದ ಮಾತನ್ನು ಹತ್ತು ಜನರ ಮುಂದೆಯೇ ಹಿಂದಕ್ಕೆ ತೆಗೆದುಕೊಳ್ಳಬೇಕು. ಹಬ್ಬವು ಕಳೆದ ಮೇಲೆ ಬಸ್ಸು ಹತ್ತಿ ಒಬ್ಬನೇ ಹೋದೆನು. ಅವನ ಜೊತೆಗಾರರೆಲ್ಲ ಇರುವಾಗಲೇ ಆ ಹಳೆಯ ಮಾತನ್ನು ಎತ್ತಿ, “ಅದು ನನ್ನ ತಪ್ಪು” ಎಂದು ಹೇಳಿದೆನು. ಅವನು ಬಹಳ ಹೊತ್ತು ಸುಮ್ಮನಿದ್ದನು. ಅನಂತರ ಕೈಯನ್ನು ಬಟ್ಟೆಗೆ ಒರೆಸಿಕೊಂಡು, ಕುರ್ಚಿಯನ್ನು ನೆರಳಿಗೆ ಎಳೆದು, “ಕುಳಿತುಕೊಳ್ಳಿರಿ ಗುರುಗಳೇ, ಬಿಸಿಲಿದೆ” ಎಂದನು.