ಇದ್ದೋರ ಮನಿಗೂ ಹೀರಿಕಾಯಿ

(ಹೊಸಪೇಟೆಯ ಒಂದು ಹಿತ್ತಲು. ಚಪ್ಪರದ ಕೆಳಗೆ ಅತ್ತೆ ಹೀರೆಕಾಯಿ ಕೊಯ್ಯುತ್ತಿದ್ದಾರೆ. ಸಂಡೂರಿನಿಂದ ಬಂದ ಅಳಿಯ ಬುಟ್ಟಿ ಹಿಡಿದಿದ್ದಾನೆ.)

ಅಳಿಯ: ಇಷ್ಟೊಂದು ಯಾರಿಗತ್ತಿ?

ಅತ್ತೆ: ಎದುರು ಮನಿಗೆ, ಬಾಜು ಮನಿಗೆ, ಕಂಪ್ಲಿಯಾಗಿರೋ ನಿಮ್ಮ ಅಕ್ಕಗ.

ಅಳಿಯ: ಅವರೆಲ್ಲ ಕೊಂಡು ತಿನ್ನೋ ಶಕ್ತಿ ಇದ್ದೋರು. ಕೊಟ್ರ ಇಲ್ಲದೋರಿಗೆ ಕೊಡಬೇಕು. ಇದ್ದೋರಿಗೆ ಕೊಡೋದ್ರಾಗ ಧರ್ಮ ಏನೈತಿ?

ಅತ್ತೆ: ಇಲ್ಲದೋರಿಗೆ ಕೊಡಲೇಬೇಕು, ಅದರಾಗ ಎರಡು ಮಾತಿಲ್ಲ. ಆದ್ರ ಈ ಬಳ್ಳಿ ನಮ್ಮ ಮನಿ ಮಂದಿನ ಎಣಿಸಿ ಕಾಯಿ ಬಿಡಂಗಿಲ್ಲ ತಮ್ಮಾ. ಎಳೇದಿದ್ದಾಗ ಕೊಯ್ದಷ್ಟೂ ಹೂವು ಬಿಡತೈತಿ. ಹಂಗ ಬಿಟ್ರ ಕಾಯಿ ನಾರಾಗತೈತಿ, ಬಳ್ಳಿನೂ ಸೋಲತೈತಿ.

ಅಳಿಯ: ಹೆಚ್ಚಾದದ್ದು ಮಾರಬಹುದಲ್ಲ? 1520ರ ಸುಮಾರಿಗೆ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಹಂಪಿ ಪ್ಯಾಟಿ ನೋಡಿ ಬೆರಗಾಗಿದ್ದ. ನಿಂಬಿಹಣ್ಣು, ದ್ರಾಕ್ಷಿ, ಬದನಿಕಾಯಿ, ಎಲ್ಲಾ ರಾಶಿ ರಾಶಿ.

ಅತ್ತೆ: ಮಾರೋದು ತಪ್ಪಲ್ಲ. ಕಂಪ್ಲಿ ರೈತರು ಭತ್ತ ಮಾರೇ ಸಂಸಾರ ನಡೆಸ್ತಾರ. ಆದ್ರ 1565ರಾಗ ವಿಜಯನಗರದ ಅರಸರು ಸೋತ ಯುದ್ಧದ ಮ್ಯಾಲ ಆ ಪ್ಯಾಟಿ ಹಾಳಾತು, ಅವರ ಕಾಲದ ತುರ್ತಾ ಕಾಲುವಿ ಹಾಳಾಗಲಿಲ್ಲ. ಇವತ್ತಿಗೂ ಹಂಪಿ ಬಾಳೆತೋಟಕ್ಕ ಅದರ ನೀರು ಹರೀತೈತಿ. ಮ್ಯಾಲಿನ ಹೊಲದವ ತನಗ ಸಾಕಾದಾಗ ಕೆಳಗಿನವಗ ಬಿಟ್ರ ಮಾತ್ರ ಕಾಲುವಿ ಕಾಲುವಿಯಾಗಿರತೈತಿ. ಕೆಳಗಿನವ ಬಡವನೋ ಸಾಹುಕಾರನೋ, ನೀರು ಕೇಳಂಗಿಲ್ಲ. ನೆರಿಹೊರಿ ಅನ್ನೋದೂ ಹಂಗ.

ಅಳಿಯ: ತಿರುಗಿ ಬರಲಿ ಅನ್ನೋ ಆಸಿ ಇರೋದಿಲ್ಲೇನು?

ಅತ್ತೆ: ಇರತೈತಿ, ಯಾಕಿರಬಾರದು? ಎದುರು ಮನ್ಯಾಗಿಂದ ಪುಂಡಿಪಲ್ಯ ಬಂದ್ರ ಹಿಗ್ಗತೀನಿ. ಆಸಿ ಕೆಟ್ಟದ್ದಲ್ಲ, ಲೆಕ್ಕ ಕೆಟ್ಟದ್ದು. ಅಂಗಡ್ಯಾಗ ರೊಕ್ಕ ಕೊಟ್ರ ಅವನಿಗೂ ನನಗೂ ಅಲ್ಲಿಗೆ ತೀರಿತು. ಇಲ್ಲಿ ಯಾರದು ಎಷ್ಟು ಬಾಕಿ ಅಂತ ಯಾರಿಗೂ ನೆನಪಿಲ್ಲ, ಅದಕ್ಕೇ ತೀರೋದೂ ಇಲ್ಲ. ಮತ್ತ, ನಾ ಕೊಟ್ಟೆ ಅನ್ನಾಕ ಇದರಾಗ ನಂದೇನೈತಿ? ಬೀಜ ಬಾಜು ಮನಿಯಾಕಿದು. ನಾವು ನಮ್ಮದು ಅನ್ನೋ ಮೆಣಸಿನಕಾಯಿ, ಟೊಮ್ಯಾಟೊ ಅಮೆರಿಕದಾಗ ಹುಟ್ಟಿ ಹಡಗದಾಗ ಬಂದ ಗಿಡಗಳು. ಯಾರೋ ಯಾರಿಗೋ ಬೀಜ ಕೊಟ್ಟಿದ್ದಕ್ಕ ನಮ್ಮ ಸಾರಿಗೆ ಬಂದ್ವು.

ಅಳಿಯ: ನಾನೂ ಹಿಂಗ ಬೆಳೆದು ಕೊಡಬೇಕಂದ್ರ, ಸಂಡೂರಾಗ ನಮ್ಮ ಮನಿ ಮುಂದ ಅದಿರಿನ ಲಾರಿ ಓಡಾಡತಾವು. ಎಲಿ ಮ್ಯಾಲೆಲ್ಲ ಕೆಂಪು ಧೂಳು. ಅಲ್ಲೇನು ಬೆಳೀಲಿ?

ಅತ್ತೆ: ಮನಿ ಹಿಂದ ಬೆಳಿ. ಮುಂಜಾನೆ ಎಲಿಗೆ ನೀರು ಚಿಮುಕಿಸಿ ತೊಳಿ. ಧೂಳು ಕುಂತ್ರ ಎಲಿಗೆ ಬಿಸಿಲು ಸಿಗಂಗಿಲ್ಲ. ಏ, ಆ ತುದೀದು ಕೊಯ್ಯಬ್ಯಾಡ, ಬೀಜಕ್ಕ ಬಿಟ್ಟೀನಿ. ಬಳ್ಳ್ಯಾಗ ಒಣಗಿ ಒಳಗ ಗಲಗಲ ಅಂದಾಗ ಬಂದು ಒಯ್ಯಿ. ಅದು ನಾಟಿ. ಹೈಬ್ರಿಡ್ ಬೀಜ ಎತ್ತಿಟ್ಟು ಹಾಕಿದ್ರ ಮುಂದಿನ ಸಲ ಅದೇ ಗುಣದ ಕಾಯಿ ಬರಂಗಿಲ್ಲ.