ಯಾರಲ್ಲಿ ಕ್ಷಮೆ ಕೇಳುವುದು?



ಲಂಚಕ್ಕೆ ನಮ್ಮ ಸಮಾಜವು ಅನೇಕ ಮುದ್ದಿನ ಹೆಸರುಗಳನ್ನಿಟ್ಟಿದೆ. ಮಾಮೂಲು, ಚಹಾದ ಖರ್ಚು, ಖುಷಿಯಿಂದ ಕೊಟ್ಟದ್ದು. ಹುಡುಗನಿಗೆ ಸಂಬಳದೊಂದಿಗೆ ಗಿಂಬಳವೂ ಇದೆಯೆಂದು ಮದುವೆ ಮಾತುಕತೆಯಲ್ಲಿ ಹೆಮ್ಮೆಪಡುವವರೂ ಇದ್ದಾರೆ. ಆದರೆ ಹೆಸರು ಬದಲಾಯಿಸಿದರೆ ಹರಾಮ್ ಹಲಾಲ್ ಆಗುವುದೇ?

ಪ್ರವಾದಿವರ್ಯರು(ಸ) ಅಝ್ದ್ ಗೋತ್ರದ ಇಬ್ನುಲ್ ಲುತ್ಬಿಯ್ಯ ಎಂಬವರನ್ನು ಝಕಾತ್ ಸಂಗ್ರಹಕ್ಕೆ ಕಳುಹಿಸಿದ್ದರು. ಮರಳಿ ಬಂದ ಅವರು, ಇದು ನಿಮ್ಮದು, ಇದು ನನಗೆ ಸಿಕ್ಕ ಉಡುಗೊರೆ ಎಂದು ಬೇರ್ಪಡಿಸಿದರು. ಆಗ ಪ್ರವಾದಿವರ್ಯರು(ಸ) ಮಿಂಬರ್ ಏರಿ, ಆತ ಹೆತ್ತವರ ಮನೆಯಲ್ಲೇ ಕುಳಿತಿದ್ದರೆ ಆ ಉಡುಗೊರೆ ಅಲ್ಲಿಗೆ ಬರುತ್ತಿತ್ತೇ ಎಂದು ಜನರ ಮುಂದೆಯೇ ಪ್ರಶ್ನಿಸಿದರು. ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿ ಈ ಘಟನೆಯಿದೆ. ಉಡುಗೊರೆ ಬಂದದ್ದು ಮನುಷ್ಯನಿಗೋ ಅವನ ಕುರ್ಚಿಗೋ ಎಂದು ತಿಳಿಯಲು ಇದಕ್ಕಿಂತ ಸರಳವಾದ ಅಳತೆಗೋಲು ಬೇಕಿಲ್ಲ.

'ಸರಕಾರದ ಹಣ ತಾನೇ, ಯಾರ ಗಂಟು ಹೋಯಿತು?' ಎನ್ನುವವರಿಗೆ ಆಫ್ರಿಕಾದ ಉಗಾಂಡಾ ಉತ್ತರ ಕೊಡುತ್ತದೆ. ಅಲ್ಲಿನ ಸರಕಾರವು ಪ್ರಾಥಮಿಕ ಶಾಲೆಗಳಿಗೆ ಮಕ್ಕಳ ಸಂಖ್ಯೆಗನುಗುಣವಾಗಿ ಅನುದಾನ ಕಳುಹಿಸುತ್ತಿತ್ತು. 1991ರಿಂದ 1995ರ ವರೆಗಿನ ಲೆಕ್ಕವನ್ನು ಸುಮಾರು 250 ಶಾಲೆಗಳಲ್ಲಿ ಪರಿಶೀಲಿಸಿದಾಗ, ಸರಾಸರಿ ಶೇಕಡಾ 13ರಷ್ಟು ಮಾತ್ರ ಶಾಲೆಗಳನ್ನು ತಲುಪಿದ್ದು ಕಂಡುಬಂತು. ಹೆಚ್ಚಿನ ಶಾಲೆಗಳಿಗೆ ಒಂದು ಕಾಸೂ ಸಿಕ್ಕಿರಲಿಲ್ಲ. ಉಳಿದ ಹಣ ದಾರಿಯಲ್ಲೇ ಸ್ಥಳೀಯ ಅಧಿಕಾರಿಗಳ ಮತ್ತು ರಾಜಕಾರಣಿಗಳ ಪಾಲಾಗಿತ್ತು. ಅನುಕೂಲವಂತರ ಊರಿನ ಶಾಲೆಗಳು ಕೇಳಿ ಪಡೆದವು. ಬಡವರ ಶಾಲೆಗಳೇ ಹೆಚ್ಚು ಕಳೆದುಕೊಂಡವು. ಅನಂತರ ಸರಕಾರವು ಹಣ ಬಿಡುಗಡೆಯ ವಿವರಗಳನ್ನು ಪತ್ರಿಕೆಗಳಲ್ಲಿ ಪ್ರಕಟಿಸತೊಡಗಿತು. ತಮಗೆಷ್ಟು ಬರಬೇಕೆಂದು ಜನರಿಗೆ ತಿಳಿಯಿತು. 2001ರ ವೇಳೆಗೆ ಶಾಲೆಗೆ ತಲುಪುವ ಪಾಲು ಸುಮಾರು ಶೇಕಡಾ 80ಕ್ಕೇರಿತು.

ಇನ್ನು ಯೋಚಿಸಿರಿ. ಅಂದು ಪುಸ್ತಕವಿಲ್ಲದೆ ಕುಳಿತಿದ್ದ ಮಕ್ಕಳು ಇಂದು ನಡುವಯಸ್ಸಿನವರು. ಆ ಹಣ ತಿಂದ ಅಧಿಕಾರಿಗೆ ಇಂದು ಪಶ್ಚಾತ್ತಾಪವಾದರೆ ಅವರನ್ನು ಎಲ್ಲಿ ಹುಡುಕಿಯಾನು? ಅಲ್ಲಾಹನ ಹಕ್ಕಿನಲ್ಲಿ ತಪ್ಪಿದವನು ಅವನಲ್ಲೇ ಕಣ್ಣೀರಿಟ್ಟು ಬೇಡಬಹುದು. ದಾಸರ ಹಕ್ಕನ್ನು ಕಸಿದವನಾದರೋ, ಅದನ್ನು ಮರಳಿಸಬೇಕು ಅಥವಾ ಅವರಿಂದಲೇ ಕ್ಷಮೆ ಪಡೆಯಬೇಕು. ಒಬ್ಬನ ಜೇಬಿನಿಂದ ಕದ್ದವನಿಗೆ ಒಬ್ಬನೇ ವಾದಿ. ಸಾರ್ವಜನಿಕರ ಸೊತ್ತನ್ನು ತಿಂದವನಿಗೆ ವಾದಿಗಳೆಷ್ಟು ಮಂದಿ!

ಖೈಬರ್‌ನಿಂದ ಮರಳುವ ದಾರಿಯಲ್ಲಿ ಪ್ರವಾದಿವರ್ಯರ(ಸ) ಸೇವಕರೊಬ್ಬರು ಬಾಣ ತಗಲಿ ಮೃತಪಟ್ಟರು. ಜನರು ಅವರನ್ನು ಹುತಾತ್ಮರೆಂದು ಕೊಂಡಾಡಿದರು. ಆದರೆ ಪ್ರವಾದಿವರ್ಯರು(ಸ), ಸಮರಾರ್ಜಿತ ಸೊತ್ತು ಹಂಚಿಕೆಯಾಗುವ ಮೊದಲೇ ಅವರು ತೆಗೆದುಕೊಂಡಿದ್ದ ಒಂದು ಹೊದಿಕೆಯು ಅವರ ಮೇಲೆ ಬೆಂಕಿಯಾಗಿ ಉರಿಯುತ್ತಿದೆಯೆಂದು ತಿಳಿಸಿದರು. ಅದನ್ನು ಕೇಳಿದೊಡನೆ ಒಬ್ಬರು ತಾವು ಇಟ್ಟುಕೊಂಡಿದ್ದ ಚಪ್ಪಲಿಯ ಪಟ್ಟಿಯನ್ನು ತಂದೊಪ್ಪಿಸಿದರು. ಆ ಪಟ್ಟಿಯ ಬೆಲೆಯೆಷ್ಟಿದ್ದೀತು? ಆದರೂ ಅವರು ಮರುದಿನಕ್ಕೆ ಕಾಯಲಿಲ್ಲ.

ಲಂಚ ಪಡೆಯುವವನನ್ನು ಮಾತ್ರವಲ್ಲ, ಕೊಡುವವನನ್ನೂ ಪ್ರವಾದಿವರ್ಯರು(ಸ) ಶಪಿಸಿದ್ದಾರೆ. ಇನ್ನೊಬ್ಬನ ಸರದಿಯನ್ನು ಹಿಂದಿಕ್ಕಲು ನೋಟು ಜಾರಿಸುವವನು ಈ ಎಚ್ಚರಿಕೆಯಿಂದ ಹೊರತಲ್ಲ. ನ್ಯಾಯವಾದ ಹಕ್ಕು ಬೇರೆ ದಾರಿಯಿಲ್ಲದೆ ಕೈತಪ್ಪುವಾಗ ಬಲವಂತಕ್ಕೆ ಸಿಲುಕಿ ಕೊಟ್ಟರೆ ಪಾಪ ಪಡೆದವನ ಮೇಲೆಂದು ಅನೇಕ ವಿದ್ವಾಂಸರು ಹೇಳಿದ್ದಾರೆ. ಆದರೆ ಸ್ವಲ್ಪ ಓಡಾಟ ತಪ್ಪಿಸಿಕೊಳ್ಳುವುದನ್ನು ಬಲವಂತ ಎನ್ನಲಾಗದು. ನಮ್ಮ ದೇಶದ ಕಾನೂನಿನಲ್ಲೂ 2018ರ ತಿದ್ದುಪಡಿಯ ಬಳಿಕ ಲಂಚ ಕೊಡುವುದು ಅಪರಾಧ. ಬಲವಂತದಿಂದ ಕೊಟ್ಟವನು ಏಳು ದಿನಗಳೊಳಗೆ ದೂರು ಕೊಡಬೇಕು. ಕರ್ನಾಟಕದಲ್ಲಿ ಲೋಕಾಯುಕ್ತ ಪೊಲೀಸರು ಅದಕ್ಕಾಗಿಯೇ ಇದ್ದಾರೆ.

ನಮಾಝ್, ಉಪವಾಸ, ಝಕಾತ್‌ಗಳೊಂದಿಗೆ ಬಂದರೂ ಜನರ ಸೊತ್ತು ತಿಂದ ಕಾರಣ ಸತ್ಕರ್ಮಗಳೆಲ್ಲ ಅವರಿಗೆ ಹಂಚಿಹೋಗಿ ಬರಿಗೈಯಾಗಿ ನಿಲ್ಲುವವನೇ ನಿಜವಾದ ದಿವಾಳಿ ಎಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಆದುದರಿಂದ ತಾಯಂದಿರೇ, ಮನೆಗೆ ಸಂಬಳಕ್ಕಿಂತ ಹೆಚ್ಚು ಹಣ ಬಂದ ದಿನ 'ಎಲ್ಲಿಂದ?' ಎಂದು ಕೇಳಿರಿ. ಉದ್ಯೋಗದಲ್ಲಿರುವ ಸಹೋದರರೇ, ತಪ್ಪಿ ಬಂದದ್ದಿದ್ದರೆ, ಕೊಟ್ಟವರು ಬದುಕಿರುವಾಗಲೇ ಮರಳಿಸಿರಿ. ಚಪ್ಪಲಿಯ ಪಟ್ಟಿಯಷ್ಟಾದರೂ ಸರಿ.

ಅಲ್ಲಾಹನು ನಮ್ಮ ಅನ್ನವನ್ನು ಶುದ್ಧಗೊಳಿಸಲಿ. ಆಮೀನ್.